ಹೊಡೆಯದ ತಾಳ

ನವೆಂಬರ್ ೧೪, ಶನಿವಾರ

ತಲೆ ಕೆಟ್ಟುಹೋಗಿದೆ. ಪರದೆಯ ಮೇಲೆ ಸಿನಿಮಾ, ಕೆಳಗೆ ವೇದಿಕೆಯಲ್ಲಿ ಅದಕ್ಕೆ ನಮ್ಮ ವಾದ್ಯವೃಂದ ನೇರವಾಗಿ ನುಡಿಸುವ ಹಿನ್ನೆಲೆ ಸಂಗೀತ. ಅದರಲ್ಲಿ ನನ್ನ ಪಾಲಿಗಿರುವುದು ಒಂದೇ ಒಂದು ಪೆಟ್ಟು. ನೂರ ಹನ್ನೆರಡು ಆವರ್ತ ಎಣಿಸಿ, ಸೇತುವೆ ಕುಸಿಯುವಾಗ ಕಂಚಿನ ತಾಳ ಎತ್ತಿ ಝಣ್ ಎನ್ನಿಸಬೇಕು. ಎಂಬತ್ತಕ್ಕೆ ಬಂದಿದ್ದೆ. ನಾಯಕಿಯ ರಾಗ ಬಂತೆಂದು ಅಭಿಮಾನಿಗಳೆಲ್ಲ ಚಪ್ಪಾಳೆ, ಸಿಳ್ಳೆ! ಎಣಿಕೆ ತಪ್ಪಿತು. ತಾಳ ಎತ್ತುವಷ್ಟರಲ್ಲಿ ಸೇತುವೆ ನೀರುಪಾಲಾಗಿತ್ತು.

ಮುಗಿದ ಮೇಲೆ ಹಿಂಬಾಗಿಲಲ್ಲಿ ಒಬ್ಬ ಅಭಿಮಾನಿ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡ. "ಸರ್, ಈ ಸಿನಿಮಾ ನಲವತ್ತು ಸಲ ನೋಡಿದೀನಿ. ಅಲ್ಲಿ ಝಣ್ ಅನ್ನತ್ತೆ. ನೀವು ಬೇಕಂತ್ಲೇ ಬಿಟ್ರಲ್ಲ, ಆ ಮೌನ... ಅಬ್ಬಾ!"

ಬೇಕಂತಲೇ ಅಂತೆ! ಹಲ್ಲು ಕಚ್ಚಿಕೊಂಡು ನಕ್ಕೆ.

ಅಲ್ಲಿಯವರೆಗೆ ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದ, ಮುಂದೆ ನಿಂತು ಕೋಲು ಬೀಸುವ ನಮ್ಮ ನಿರ್ದೇಶಕರು ಅದನ್ನು ಕೇಳಿಸಿಕೊಂಡರು. "ನಾಳೇನೂ ಹೊಡೀಬೇಡ್ರೀ."

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. "ಹಾಗಾದ್ರೆ ನಾಳೆ ಮನೇಲೇ ಇರ್ತೀರಲ್ಲ?"

ಎಲ್ಲಿಯ ಮನೆ! ನೂರ ಹನ್ನೆರಡೂ ಎಣಿಸಬೇಕಂತೆ, ತಾಳ ಎತ್ತಬೇಕಂತೆ, ಹೊಡೆಯಬಾರದಂತೆ. ಹೊಡೆಯದಿರುವುದನ್ನು ಅಭ್ಯಾಸ ಮಾಡಿಸಲು ಬೆಳಿಗ್ಗೆ ಎಂಟಕ್ಕೇ ಬರಹೇಳಿದ್ದಾರೆ.