ಒಂಬತ್ತರ ಜೋಡಿ

ಮೂಡುಬಿದಿರೆ
೨೪ ಅಕ್ಟೋಬರ್ ೨೦೨೪, ಗುರುವಾರ

ನನ್ನ ತನ್ವಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ನೀನು ಫೋನ್ ಎತ್ತುತ್ತಿಲ್ಲ. ಕಳಿಸಿದ ಸಂದೇಶದ ಪಕ್ಕ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಹಾಗಾಗಿ ಕಾಗದ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಇದು ನಿನ್ನ ಕೈ ಸೇರುವಾಗ, ಒಡೆದು ಓದುವಷ್ಟಾದರೂ ಸಿಟ್ಟು ಇಳಿದಿರಲಿ.

ಅಜ್ಜನನ್ನು ಇಸ್ಪೀಟಿನಲ್ಲಿ ಸೋತೆಯಾ ಎಂದು ಕೇಳಿದ್ದಿ. ಆದೀಶ್ ಮಾವ ನಿನಗೆ ಅಷ್ಟನ್ನೇ ಹೇಳಿರಬೇಕು. ಉಳಿದದ್ದನ್ನು ನಾನು ಹೇಳುತ್ತೇನೆ.

ಡಯಾಲಿಸಿಸ್‌ಗೆ ಅಜ್ಜನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಸಿದ್ಧಕಟ್ಟೆ ದಾಟಿದೊಡನೆ ಅವರು ಕಣ್ಣು ಮುಚ್ಚುತ್ತಿದ್ದರು. ಮೊದಲು ನಿದ್ದೆ ಅಂದುಕೊಂಡಿದ್ದೆ. ಮನೆಗೆ ಬಂದರೆ ಮರುದಿನ ಮಧ್ಯಾಹ್ನದವರೆಗೆ ಗೋಡೆಯ ಕಡೆ ಮುಖ. ಸ್ವಲ್ಪ ಎದ್ದು ಕೂತರು ಅನ್ನುವಾಗ ಮತ್ತೆ ಹೊರಡುವ ದಿನ. ನೀನು ವೈದ್ಯೆಯಾಗುವವಳು, ನಿನಗೆ ರಿಪೋರ್ಟು ಗೊತ್ತು. ಈ ಗೋಡೆ ಗೊತ್ತಿಲ್ಲ.

ಪರ್ಯುಷಣದ ಸಮಯದಲ್ಲಿ ಅವರು ಇಲ್ಲಿ ಚಾತುರ್ಮಾಸಕ್ಕೆ ತಂಗಿರುವ ಮುನಿಗಳ ಬಳಿ ಸಲ್ಲೇಖನ ವ್ರತ ಕೇಳಿದರು. ಔಷಧಿ ಬಿಟ್ಟು, ಆಹಾರವನ್ನು ಮೆಲ್ಲಮೆಲ್ಲಗೆ ಬಿಟ್ಟು, ಜಪದಲ್ಲಿ ಹೋಗುತ್ತೇನೆಂದರು. ಮನೆಯವರು ಒಪ್ಪದೆ ವ್ರತ ಕೊಡುವುದಿಲ್ಲ ಎಂದರಂತೆ ಮುನಿಗಳು. ನನ್ನ ತಮ್ಮ, ನಿನ್ನ ಆದೀಶ್ ಮಾವ, "ಅಕ್ಕ ಹೇಳಿದ ಹಾಗೆ" ಎಂದು ಜಾರಿಕೊಂಡ. ನಾನು ಇಲ್ಲ ಅಂದೆ. ಅಜ್ಜ ಮತ್ತೆ ಕೇಳಿದರು, ಮತ್ತೆ ಇಲ್ಲ ಅಂದೆ. ಆಮೇಲೆ ಅವರು ಮಾತು ತೆಗೆದರೆ ಸಾಕು, ನಾನು ಅಳುತ್ತಾ ಅಡುಗೆಮನೆಗೆ ಹೋಗುತ್ತಿದ್ದೆ.

ಒಂದು ಸಂಜೆ, ಊಟಕ್ಕೆ ಇನ್ನೂ ಹೊತ್ತಿರುವಾಗ, ಅವರು ಚೆನ್ನೆಮಣೆಯ ಕೆಂಪು ಕಾಯಿಗಳನ್ನು ಹಾಸಿಗೆಯ ಮೇಲೆ ಸುರಿದುಕೊಂಡು ಪೋಕರ್ ಆಡುವ ಎಂದರು. ಮುಂಬಯಿಯ ಬ್ಯಾಂಕಿನಲ್ಲಿದ್ದಾಗ ಕಲಿತ ಆಟ ಅದು. ಜೂಜು ಸಪ್ತವ್ಯಸನದಲ್ಲಿ ಮೊದಲನೆಯದು, ಹಾಗಾಗಿ ನಮ್ಮಲ್ಲಿ ದುಡ್ಡಿಲ್ಲದ ಆಟ, ಪಣಕ್ಕೆ ಈ ಕಾಯಿಗಳೇ. ಎಲೆ ಒಳಗೆ ಬಂದರೆ ಅನ್ನ ಹೊರಗೆ ಎಂದು ನಿನ್ನ ರಾಜಮತಿ ಅಜ್ಜಿ ಗದರಿಸುತ್ತಿದ್ದರು. ನಾನು ಅಂದುಕೊಂಡೆ, ಪಾಪ, ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಾರೆ.

ಕೈಯಲ್ಲಿ ಎರಡೆರಡು ಎಲೆ. ನನಗೆ ಎರಡು ಒಂಬತ್ತು ಬಂತು. ದೊಡ್ಡದಲ್ಲ, ಬಿಸಾಡುವಂಥದ್ದೂ ಅಲ್ಲ. ನಡುವೆ ಇಬ್ಬರಿಗೂ ಸೇರಿದ ಮೂರು ಎಲೆ ತೆರೆದೆ: ರಾಜ, ಏಳು, ನಾಲ್ಕು. ಅಜ್ಜ ಕಾಯಿ ಮುಟ್ಟಲೇ ಇಲ್ಲ. "ಈ ಸಲ ಕಾಯಿ ಬೇಡ ಮಗಾ. ನೀನು ಗೆದ್ದರೆ ನಾಡಿದ್ದು ಬಂಟ್ವಾಳಕ್ಕೆ ಒಂದು ಮಾತಾಡದೆ ಬರ್ತೇನೆ. ನಾನು ಗೆದ್ದರೆ ನಾಡಿದ್ದು ಮನೆ" ಎಂದರು.

ಇದೆಂಥ ಪಣ, ಎಲೆ ಒಳಗಿಡಿ ಎಂದೆ. ಅದಕ್ಕೆ ಅವರು ಹೇಳಿದ್ದನ್ನು ತುಳುವಿನಿಂದ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. "ಬಾಯಲ್ಲಿ ಕೇಳಿದರೆ ನೀನು ಅಳ್ತಿ. ಎಲೆಯಲ್ಲಿ ಕೇಳಿದರೆ ಉತ್ತರ ಕೊಡ್ತಿ."

ನನಗೆ ನೀನು ಬೇಸಿಗೆ ರಜೆಯಲ್ಲಿ ಕಲಿಸಿದ್ದು ನೆನಪಾಯಿತು. "ಅಜ್ಜ ಕೈಯಲ್ಲಿ ಏನಿದ್ದರೂ ಪಣ ಏರಿಸುವವರು. ಅವರೆದುರು ನಡುಮಟ್ಟದ ಎಲೆ ಹಿಡಿದು ನೀನೂ ಏರಿಸಿದರೆ, ಸುಳ್ಳಿದ್ದಾಗ ಅವರು ಬಿಟ್ಟು ಓಡುತ್ತಾರೆ, ನಿಜ ಇದ್ದಾಗ ನಿಂತು ಹೊಡೆಯುತ್ತಾರೆ. ಹಾಗಾಗಿ ಏರಿಸಬೇಡ, ಬಿಡಲೂ ಬೇಡ, ಅವರು ಇಟ್ಟಷ್ಟನ್ನೇ ಇಡುತ್ತಾ ಹೋಗು, ಸುಳ್ಳನ್ನು ಅವರೇ ಬೆಳೆಸಲಿ" ಎಂದಿದ್ದಿ. ಅಜ್ಜನ ಪಣಕ್ಕೆ ನಾನು ಸರಿ ಎಂದೆ.

ನಾಲ್ಕನೆಯ ಎಲೆ ರಾಣಿ. ಅಜ್ಜ ಒಂದು ದಿನದ ಪಣವನ್ನು ಇಡೀ ತಿಂಗಳಿಗೆ ಏರಿಸಿದರು. "ಏನು ಮಾರಾಯ್ತಿ, ಎಂ.ಎ. ಓದಿದವಳಿಗೆ ಒಂದು ರಾಣಿಗೆ ಹೆದರಿಕೆಯಾ?" ಎಂದು ಚುಚ್ಚಿದರು. ಎಷ್ಟೋ ಸಮಯದ ಮೇಲೆ ಅವರ ಕಣ್ಣಲ್ಲಿ ಆ ತುಂಟತನ ಕಂಡೆ. ಅದಕ್ಕೂ ಸರಿ ಎಂದೆ.

ಕೊನೆಯ ಎಲೆ ಎರಡರದು. ಅಜ್ಜ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ಮತ್ತೆ ಉಳಿದದ್ದೆಲ್ಲವನ್ನೂ ಇಟ್ಟರು.

"ನೀನು ಗೆದ್ದರೆ, ನೀನೇ ಸಾಕು ಅನ್ನುವವರೆಗೆ ಬಂಟ್ವಾಳಕ್ಕೆ ಬರ್ತೇನೆ. ವ್ರತದ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ. ನಾನು ಗೆದ್ದರೆ, ಮುನಿಗಳ ಎದುರು ನೀನು ಹೂಂ ಅನ್ನಬೇಕು. ಅಳದೆ ಅನ್ನಬೇಕು."

ಅಜ್ಜ ಕೊಟ್ಟ ಮಾತಿಗೆ ತಪ್ಪುವವರಲ್ಲ. ನಾನು ಗೆದ್ದರೆ ಅವರು ಬರುತ್ತಿದ್ದರು, ಬಾಯಿ ಮುಚ್ಚಿ, ಸೂಜಿಗೆ ತೋಳು ಚಾಚಿ. ನಾನು ಆ ತೋಳನ್ನು ನೋಡಿದೆ. ಚುಚ್ಚಿ ಚುಚ್ಚಿ ಬಾತು ಹಗ್ಗದ ಗಂಟಿನ ಹಾಗಾಗಿದೆ. ಆದರೂ ಒಂಬತ್ತರ ಜೋಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ, ತನ್ವಿ. ಅಪ್ಪ ಇರುವ ಮನೆ ಬೇಕಿತ್ತು ನನಗೆ. ಗೋಡೆಯ ಕಡೆ ಮುಖ ಮಾಡಿಯಾದರೂ ಇರಲಿ ಅನಿಸುತ್ತಿತ್ತು.

ಅವರಲ್ಲಿ ಇನ್ನೊಂದು ರಾಜ, ಅಂದರೆ ನನ್ನದಕ್ಕಿಂತ ದೊಡ್ಡ ಜೋಡಿ, ಇರಬೇಕೆಂದು ಕಂಡಿತು. ಅಷ್ಟು ಧೈರ್ಯದಲ್ಲಿ ಸುಮ್ಮನೆ ಯಾರೂ ಇಡುವುದಿಲ್ಲ ಎಂದು ಎಲೆಗಳನ್ನು ಮಗುಚಿ ಇಟ್ಟು, ಬಿಟ್ಟೆ ಅಂದೆ. ಬಿಟ್ಟರೆ ಎಲೆ ತೋರಿಸದೆಯೇ ಸೋತ ಹಾಗೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. ಗೆದ್ದಾಗ ಓಣಿಗೆ ಕೇಳುವಂತೆ ಕೂಗುವ ಅಜ್ಜ ಆ ದಿನ ಕೂಗಲಿಲ್ಲ. ಗಂಜಿ ಬಡಿಸು, ಸೂರ್ಯ ಇಳಿಯುತ್ತಿದ್ದಾನೆ ಎಂದರು. ಎಷ್ಟೋ ದಿನಗಳ ಮೇಲೆ ಪೂರ್ತಿ ಉಂಡರು.

ಸೋಮವಾರ ವ್ರತವಾಯಿತು. ನಾನು ಹೂಂ ಅಂದೆ, ಅಳಲಿಲ್ಲ. ಈಗ ಬಸದಿಯ ಪಕ್ಕದ ಕೋಣೆಯಲ್ಲಿ ಇದ್ದಾರೆ. ಬೆಳಿಗ್ಗೆ ಸ್ವಲ್ಪ ಹಾಲು ಮಾತ್ರ. ಮಧ್ಯಾಹ್ನ ನಾನು ಪದ್ಯ ಓದುತ್ತೇನೆ. ಅರ್ಥ ಹೇಳಬೇಡ, ಬರೀ ಓದು ಅನ್ನುತ್ತಾರೆ. ಮುಖ ಗೋಡೆಯ ಕಡೆ ಇಲ್ಲ, ಬಾಗಿಲ ಕಡೆ ಉಂಟು. ನಿನ್ನೆ ನಿನ್ನ ಹೆಸರು ಹೇಳಿದರು. ಅವಳಿಗೆ ಪರೀಕ್ಷೆಯಾ ಎಂದು ಕೇಳಿದರು. ಹೌದು ಎಂದು ಸುಳ್ಳು ಹೇಳಿದೆ.

ಬಾ. ಜಗಳ ಮಾಡಲಿಕ್ಕಾದರೂ ಬಾ. ಸಮಯ ಹೆಚ್ಚಿಲ್ಲ.

ನಿನ್ನ ಸಿಟ್ಟು ಹೊತ್ತುಕೊಳ್ಳಬಲ್ಲ,
ಅಮ್ಮ
(ಸಾಧನಾ)

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಅಜ್ಜನಲ್ಲಿ ರಾಜ ಇರಬೇಕೆಂದು ಕಂಡಿತು ಎಂದೆನಲ್ಲ, ಅದು ಆದೀಶ್ ಮಾವನಿಗೆ ಹೇಳಿದ ಮಾತು. ಅವರಲ್ಲಿದ್ದದ್ದು ಒಂದು ಮೂರು, ಒಂದು ಹತ್ತು. ಏನಕ್ಕೂ ಸೇರದವು, ಬಿಡದಿದ್ದರೆ ನನ್ನ ಜೋಡಿಯೇ ಗೆಲ್ಲುತ್ತಿತ್ತು. ಎದೆಗೆ ಒತ್ತಿ ಎಲೆ ಹಿಡಿಯುವ ಮನುಷ್ಯ ಅಂದು ಮೊದಲಿನಿಂದ ಕೊನೆಯವರೆಗೆ ನನ್ನ ಕಡೆ ವಾಲಿಸಿ ಹಿಡಿದಿದ್ದರು. ಕೈಯಲ್ಲಿ ತ್ರಾಣ ಇಲ್ಲದೆ ವಾಲಿತೋ, ಬೇಕೆಂದೇ ತೋರಿಸಿದರೋ, ನಾನು ಕೇಳಲಿಲ್ಲ. ನೀನೂ ಬಂದಾಗ ಕೇಳಬೇಡ.