ಊತವೋ ಗೆಡ್ಡೆಯೋ: ಹತ್ತು ನಿಮಿಷದ ಅಳತೆ

ಸ್ಕ್ಯಾನ್ ವಿಭಾಗದ ಮಾನ್ಯ ಆಡಳಿತಾಧಿಕಾರಿಗಳೇ,

ನನ್ನ ಹೆಂಡತಿಯ ಮೆದುಳಿನ ಗೆಡ್ಡೆಯ ಸುತ್ತ ಬೆಳ್ಳಗೆ ಕಾಣುವುದು ಬರೀ ಊತವೋ, ಗೆಡ್ಡೆಯೇ ಒಳಗೊಳಗೆ ಹರಡಿದೆಯೋ? ‘ಎರಡೂ ಇರಬಹುದು’ ಎನ್ನುತ್ತದೆ ನಿಮ್ಮ ವರದಿ. ಇಷ್ಟು ಹೇಳಲು ಅಷ್ಟು ದೊಡ್ಡ ಯಂತ್ರ ಬೇಕಿತ್ತೇ? ಬಡಗಿಯಾದ ನಾನೇ ಹೇಳುತ್ತಿದ್ದೆ, ಅದೂ ಅವಳನ್ನು ಆ ಕೊಳವೆಯೊಳಗೆ ಮಲಗಿಸದೆ.

ಅವಳು ಅಚ್ಚುಮನೆಯಲ್ಲಿ ಕರಡು ತಿದ್ದುವವಳು. ಇಪ್ಪತ್ತು ವರ್ಷ ಕಂಡವರ ಮಾತನ್ನೆಲ್ಲ ತಿದ್ದಿದವಳು ಈಗ ಉಪ್ಪಿನ ಡಬ್ಬಿ ತೋರಿಸಿ, “ಅದು ಕೊಡಿ... ಅದೇ, ಅದು” ಎನ್ನುತ್ತಾಳೆ. ಆ ಬಿಳಿ ಭಾಗ ಮಾತಿನ ಜಾಗಕ್ಕೆ ಅಂಟಿಕೊಂಡಿದೆಯಂತೆ. ಗೆಡ್ಡೆ ಹರಡಿದ್ದರೆ ಆದಷ್ಟೂ ತೆಗೆಯಬೇಕು. ಬರೀ ಊತವಾದರೆ ಮುಟ್ಟಬಾರದು. ಆಪರೇಷನ್ ಮಾಡುವ ಡಾಕ್ಟರು ಹೇಳಿದರು: “ಅಳತೆಯ ಸ್ಕ್ಯಾನ್ ಮಾಡಿದ್ರೆ ಪ್ರತಿ ಜಾಗಕ್ಕೂ ಅಂಕಿ ಸಿಗುತ್ತೆ, ಊತ ಎಲ್ಲಿ ಗೆಡ್ಡೆ ಎಲ್ಲಿ ಅಂತ ಅದರಿಂದ ಅಂದಾಜು ಮಾಡಬಹುದು. ನೂರಕ್ಕೆ ನೂರು ಅನ್ನಲ್ಲ, ಆದ್ರೆ ಕತ್ತಲಲ್ಲಿ ತಡಕಾಡೋದು ತಪ್ಪುತ್ತೆ.”

ಸ್ಕ್ಯಾನ್ ಕೋಣೆಗೆ ಓಡಿದೆ. ಅಲ್ಲಿ ಯಂತ್ರ ನಡೆಸುವ ಹುಡುಗಿ ದನಿ ತಗ್ಗಿಸಿ, “ಮೆಷಿನ್‌ಗೆ ಅಳೆಯೋಕೆ ಬರುತ್ತೆ ಅಣ್ಣಾ, ನನಗೂ ಬರುತ್ತೆ. ಹತ್ತು ನಿಮಿಷ ಜಾಸ್ತಿ ಬೇಕು. ಒಬ್ಬರಿಗೆ ಇಪ್ಪತ್ತೇ ನಿಮಿಷ ಅಂತ ಸಾಹೇಬರ ಸುತ್ತೋಲೆ ಇದೆಯಲ್ಲಾ” ಎಂದಳು. ಅದೇ ಸುತ್ತೋಲೆ ತಮ್ಮ ಬಾಗಿಲಿಗೂ ಅಂಟಿದೆ. ಮೂರು ಮಧ್ಯಾಹ್ನ ಅಲ್ಲಿ ಕಾದು ನನಗದು ಬಾಯಿಪಾಠವಾಗಿದೆ. ತಮಗೆ ಮಾತ್ರ ಎರಡು ನಿಮಿಷ ಬಿಡುವಾಗಲಿಲ್ಲ. ತಮ್ಮ ಸಮಯಪಾಲನೆಗೆ ಕೈಮುಗಿದೆ!

ನನ್ನದೂ ಒಂದು ತಪ್ಪಿದೆ, ಕೇಳಿ. ಒಮ್ಮೆ ಒಬ್ಬರ ಮನೆಯ ಬಾಗಿಲ ಚೌಕಟ್ಟು ಉಬ್ಬಿತ್ತು. ಗೆದ್ದಲು ಹಿಡಿದಿದೆಯೆಂದು ಕಣ್ಣಂದಾಜಿನಲ್ಲೇ ಅರ್ಧ ಕೊಯ್ದುಬಿಟ್ಟೆ. ಒಳಗೆ ಗಟ್ಟಿ ಮರ. ನೀರು ಕುಡಿದು ಉಬ್ಬಿತ್ತು, ಅಷ್ಟೇ. ತಲೆ ತಗ್ಗಿಸಿ ಹೊಸ ಮರ ಕೂರಿಸಿಕೊಟ್ಟೆ. ಅವಳ ಮಾತು ಹೋದರೆ ಎಲ್ಲಿಂದ ತಂದು ಕೂರಿಸಲಿ, ಸ್ವಾಮಿ?

ಗುರುವಾರ ಆಪರೇಷನ್. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬೇಡ. ಡಾಕ್ಟರು ಬರೆದುಕೊಟ್ಟವರಿಗೆಲ್ಲ ಆ ಹತ್ತು ನಿಮಿಷ ಕೊಡತಕ್ಕದ್ದು ಎಂದು ಒಂದೇ ಸಾಲು ಬರೆದು, ಬುಧವಾರದೊಳಗೆ ಸಹಿ ಮಾಡಿ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ.

ಈ ಪತ್ರದಲ್ಲಿ ತಪ್ಪುಗಳಿರಬಹುದು. ಮದುವೆಯಾದಾಗಿನಿಂದ ನಾನು ಬರೆದದ್ದನ್ನೆಲ್ಲ ಅವಳೇ ತಿದ್ದುತ್ತಿದ್ದಳು. ಇದನ್ನೂ ಅವಳ ಮುಂದಿಟ್ಟೆ. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಗೆರೆಯನ್ನೂ ಎಳೆಯದೆ ನನ್ನ ಕೈಗೆ ಕೊಟ್ಟಳು.

ಇಂತಿ,
ಅಳೆಯದೆ ಕೊಯ್ದು ಒಮ್ಮೆ ಬುದ್ಧಿ ಕಲಿತ ಬಡಗಿ