ನಾಲಾ ದಂಡೆಯ ಕೋಲು

ಮಹಾಂತಯ್ಯ ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಹೊಲದ ಬದಿಯ ನಾಲಾದಲ್ಲಿ ಈ ಚಳಿಗಾಲ ನನಗೆ ಸಿಕ್ಕಿದ್ದು ಒಂದೇ ಕೊರವ ಮೀನು. ಅದರ ಜೋಡಿ ಪಕ್ಕದಲ್ಲೇ ಸುಳಿಯುತ್ತಿದ್ದುದನ್ನು ಕಂಡು ತಿರುಗಿ ನೀರಿಗೇ ಬಿಟ್ಟೆ. ಆ ಎರಡು ಉಳಿದರೆ ಮಳೆಗಾಲಕ್ಕೆ ಮರಿಗಳಾದಾವು. ಅವೂ ಹೋದರೆ ನನ್ನ ಕಸುಬು ಮುಗಿಯಿತು.

ನಮ್ಮ ಮೀನುಗಾರರಲ್ಲಿ ಒಬ್ಬನ ಗಾಳದ ಕೋಲು ನೆಟ್ಟ ಕಡೆ ಇನ್ನೊಬ್ಬ ಮೀನು ಹಿಡಿಯಲು ಕೂಡುವುದಿಲ್ಲ. ಅದಕ್ಕೇ ದಿನವೂ ಗಾಳ ಕಟ್ಟದ ಕೋಲು ನೆಟ್ಟು ಕೂಡುತ್ತಿದ್ದೆ.

“ಬರೇ ಕೋಲಿಗೆ ಮೀನು ಸಲಾಮ ಹೊಡಿತಾವೇನ್ರಿ?” ಎಂದು ನನ್ನ ಹೆಂಡತಿ ದಾವಲಬಿ ನಗುತ್ತಿದ್ದಳು. ಒಲೆ ಹೊತ್ತದ ದಿನಗಳು ಹೆಚ್ಚಾದ ಮೇಲೆ ನಗುವುದನ್ನು ಬಿಟ್ಟಿದ್ದಾಳೆ.

ನಾಳೆ ನಾವಿಬ್ಬರೂ ಕೂಲಿಗೆ ಗೋವೆಗೆ ಹೋಗುತ್ತೇವೆ. ಕೋಲು ಅಲ್ಲೇ ಇರುತ್ತದೆ, ದಯವಿಟ್ಟು ಕೀಳಬೇಡಿ. ಯಾರಾದರೂ ಕೇಳಿದರೆ, “ಯಾಕೂಬ ಚಾ ಕುಡ್ಯಾಕ ಹೋಗ್ಯಾನ, ಈಗ ಬರ್ತಾನ” ಎಂದುಬಿಡಿ.

ನಿಮ್ಮ
ಯಾಕೂಬಸಾಬ